ಲೇಟಾಗಿ ಬಂದ ಸ್ವರ: ಸಾಫ್ಟ್‌ವೇರ್ ವಾದ್ಯಕ್ಕೆ ಸ್ವಂತ ಚಿಪ್ ಯಾಕೆ ಬೇಕಿತ್ತು?

(ಇದು ಈ ವಾರದ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಕೊಡ್ತೀನಿ. ನಿಮ್ಮ ಫೋನ್‌ನಲ್ಲಿ ಪಿಯಾನೊ ಆ್ಯಪ್ ಯಾವುದಾದ್ರೂ ಇದ್ರೆ ತೆಗೀರಿ. ಬ್ಲೂಟೂತ್ ಇಯರ್‌ಫೋನ್ ಹಾಕ್ಕೊಂಡು ಒಂದು ಕೀ ಒತ್ತಿ. ಬೆರಳು ತಾಗಿದ್ದು ಮೊದಲು, ಸದ್ದು ಬಂದಿದ್ದು ಆಮೇಲೆ, ಅಲ್ವಾ? ಈಗ ಬ್ಲೂಟೂತ್ ಆಫ್ ಮಾಡಿ, ಫೋನಿನ ಸ್ಪೀಕರ್‌ನಲ್ಲೇ ಅದೇ ಕೀ ಒತ್ತಿ ನೋಡಿ. ತಡ ಕಡಿಮೆ ಆಯ್ತು. ಆದ್ರೆ ಪೂರ್ತಿ ಹೋಗಿಲ್ಲ.

ಈ ತಡಕ್ಕೆ ಲೇಟೆನ್ಸಿ ಅಂತಾರೆ. ಹಾಡು ಕೇಳೋರಿಗೆ ಇದರಿಂದ ಏನೂ ತೊಂದರೆ ಇಲ್ಲ. ನುಡಿಸೋರಿಗೆ ಮಾತ್ರ ಇದು ಪ್ರಾಣಸಂಕಟ. ಒಂದು ಕಾಲದಲ್ಲಿ ಜನ ಈ ಸಂಕಟಕ್ಕೆ ಕಂಪ್ಯೂಟರಿನ ಪ್ರೊಸೆಸರನ್ನೇ ಬಿಟ್ಟು, ಸಂಗೀತಕ್ಕೆ ಅಂತಲೇ ಬೇರೆ ಚಿಪ್ ಇಟ್ಕೊಂಡು ಸಾಫ್ಟ್‌ವೇರ್ ವಾದ್ಯ ನುಡಿಸ್ತಿದ್ರು. ಇವತ್ತು ಅದರ ಕತೆ.

ಮೊದಲು ನನ್ನ ಮಾನ ಹೋದ ಕತೆ ಹೇಳಿಬಿಡ್ತೀನಿ. ಕಾಲೇಜು ದಿನಗಳಲ್ಲಿ ನಾನು ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಿದ್ದೆ. ಗಣೇಶನ ಹಬ್ಬ ಬಂತು ಅಂದ್ರೆ ಹನ್ನೊಂದು ದಿನ ಹನ್ನೊಂದು ಊರು. ಆ ವರ್ಷ ನನಗೆ ಹೊಸ ಹುಚ್ಚು. ಭಾರದ ಕೀಬೋರ್ಡ್ ಯಾಕೆ ಹೊರಬೇಕು, ಸಣ್ಣದೊಂದು ಮಿಡಿ ಕೀಬೋರ್ಡ್ ಇಟ್ಕೊಂಡು ಸದ್ದೆಲ್ಲ ಲ್ಯಾಪ್‌ಟಾಪ್‌ನಿಂದ ತೆಗೀತೀನಿ ಅಂದೆ. ಮನೇಲಿ ಚೆನ್ನಾಗೇ ನಡೀತು. ಕೊಪ್ಪಳದ ಕಡೆಯ ಒಂದು ಊರಿನ ಪೆಂಡಾಲ್‌ನಲ್ಲಿ, ಡ್ಯುಯೆಟ್ ಹಾಡಿನ ಎರಡನೇ ಚರಣಕ್ಕೆ ಸರಿಯಾಗಿ, ಸ್ಪೀಕರ್‌ನಿಂದ ಪಟಪಟ ಪಟಪಟ ಅಂತ ಸದ್ದು. ಆಮೇಲೆ ಒಂದು ಕ್ಷಣ ಮೌನ. ಮತ್ತೆ ಪಟಪಟ. ಪಕ್ಕದಲ್ಲಿ ರಿದಮ್ ಪ್ಯಾಡ್ ನುಡಿಸ್ತಿದ್ದ ಅಣ್ಣ ತಿರುಗಿ ನೋಡಿ, "ಏನ್ ತಮ್ಮಾ, ಲ್ಯಾಪ್‌ಟಾಪ್‌ನಾಗ ಶೇಂಗಾ ಹುರಿಯಾಕತ್ತೀಯೇನು?" ಅಂದ. ಮೈಕ್ ಆನ್ ಇತ್ತು. ಇಡೀ ಊರು ನಕ್ತು.

ಆಮೇಲೆ ನೋಡಿದ್ರೆ, ಆ ಹೊತ್ತಿಗೇ ಆ್ಯಂಟಿವೈರಸ್ ತನ್ನ ದಿನದ ತಪಾಸಣೆ ಶುರು ಮಾಡಿತ್ತು. ಅಷ್ಟೇ.

ಆದ್ರೆ ಯೋಚನೆ ಮಾಡಿ. ಎರಡು ಗಿಗಾಹರ್ಟ್ಸ್ ಪ್ರೊಸೆಸರ್ ಇರೋ ಯಂತ್ರ ಒಂದು ಪಿಟೀಲಿನ ಸದ್ದು ಮಾಡೋಕೆ ಯಾಕೆ ತಡವರಿಸಬೇಕು? ಲೆಕ್ಕ ಹಾಕೋಣ. ಸಿ.ಡಿ. ಗುಣಮಟ್ಟದ ಡಿಜಿಟಲ್ ಸದ್ದು ಅಂದ್ರೆ ಸೆಕೆಂಡಿಗೆ 44,100 ಸಂಖ್ಯೆಗಳು. ಒಂದೊಂದು ಸಂಖ್ಯೆಗೆ ಸ್ಯಾಂಪಲ್ ಅಂತಾರೆ. ಅಂದ್ರೆ ಸುಮಾರು 22.7 ಮೈಕ್ರೊಸೆಕೆಂಡಿಗೆ ಒಂದು ಸ್ಯಾಂಪಲ್ ತಯಾರಾಗಬೇಕು. ಎರಡು ಗಿಗಾಹರ್ಟ್ಸ್ ಪ್ರೊಸೆಸರಿಗೆ ಅಷ್ಟರಲ್ಲಿ 45 ಸಾವಿರ ಸಲ ಗಡಿಯಾರ ಟಿಕ್ ಅಂದಿರುತ್ತೆ. ಧಾರಾಳ ಸಮಯ. ಹಾಗಾಗಿ ನನ್ನ ಲ್ಯಾಪ್‌ಟಾಪಿಗೆ ಶಕ್ತಿ ಕಡಿಮೆ ಇರಲಿಲ್ಲ. ಸಮಯಕ್ಕೆ ಸರಿಯಾಗಿ ಬರೋ ಅಭ್ಯಾಸ ಇರಲಿಲ್ಲ.

ದರ್ಶಿನಿ ಹೋಟೆಲ್ ನೆನಪು ಮಾಡ್ಕೊಳ್ಳಿ. ಮಾಲೀಕರು ಮಹಾ ಚುರುಕು. ಬಿಲ್ ಹಾಕ್ತಾರೆ, ಫೋನ್ ಎತ್ತುತಾರೆ, ಹಾಲಿನವನ ಲೆಕ್ಕ ಚುಕ್ತಾ ಮಾಡ್ತಾರೆ, ಡೆಲಿವರಿ ಹುಡುಗರಿಗೆ ಪಾರ್ಸೆಲ್ ಕೊಡ್ತಾರೆ. ದೋಸೇನೂ ಹುಯ್ಯಬಲ್ಲರು, ಭಟ್ಟರಿಗಿಂತ ಬೇಗ. ಆದ್ರೆ ಕಾವಲಿ ಮೇಲೆ ಹಿಟ್ಟು ಹರಡಿದ ಹೊತ್ತಿಗೇ ಫೋನ್ ಬಂತೋ, ಆ ದೋಸೆ ಸೀದು ಹೋಯ್ತು. ಭಟ್ಟರು ಹಾಗಲ್ಲ. ಅವರಿಗೆ ಬಿಲ್ ಗೊತ್ತಿಲ್ಲ, ಫೋನ್ ಗೊತ್ತಿಲ್ಲ. ಹುಯ್ಯೋದು, ಎಣ್ಣೆ ಚಿಮುಕಿಸೋದು, ಮಡಿಚೋದು. ದಿನವಿಡೀ ಅದೇ ಲಯ.

ಕಂಪ್ಯೂಟರಿನ ಸಿಪಿಯು ಆ ಮಾಲೀಕ. ಡಿಎಸ್‌ಪಿ ಅನ್ನೋ ಚಿಪ್ ಆ ಭಟ್ಟರು. ಡಿಎಸ್‌ಪಿ ಅಂದ್ರೆ ಡಿಜಿಟಲ್ ಸಿಗ್ನಲ್ ಪ್ರೊಸೆಸರ್.

ಸಿಪಿಯು ಈ ಸಮಸ್ಯೆಯನ್ನ ಹೇಗೆ ನಿಭಾಯಿಸುತ್ತೆ ಗೊತ್ತಾ? ಒಂದೊಂದೇ ಸ್ಯಾಂಪಲ್ ಕೊಡೋ ಬದಲು ಮೊದಲೇ ಒಂದು ಗಂಟು ಕಟ್ಟಿ ಇಟ್ಕೊಳ್ಳುತ್ತೆ. ಅದಕ್ಕೆ ಬಫರ್ ಅಂತಾರೆ. 256 ಸ್ಯಾಂಪಲ್‌ಗಳ ಗಂಟು ಅಂದ್ರೆ ಸುಮಾರು 6 ಮಿಲಿಸೆಕೆಂಡ್ ತಡ. 1,024 ಅಂದ್ರೆ 23 ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಒಂದು ಮೀಟರ್ ಹೋಗೋಕೆ ಸರಿಸುಮಾರು 3 ಮಿಲಿಸೆಕೆಂಡ್ ಬೇಕು. ಹಾಗಾಗಿ 23 ಮಿಲಿಸೆಕೆಂಡ್ ಅಂದ್ರೆ, ನೀವು ನುಡಿಸ್ತಿರೋ ವಾದ್ಯದ ಸ್ಪೀಕರ್ ಎಂಟು ಮೀಟರ್ ಆಚೆ ಇಟ್ಟಂಗೆ. ಗಂಟು ದೊಡ್ಡದಾದ್ರೆ ಸ್ವರ ಲೇಟು, ಚಿಕ್ಕದಾದ್ರೆ ಶೇಂಗಾ ಹುರಿಯೋ ಸದ್ದು. ಪೆಂಡಾಲ್‌ನಲ್ಲಿ ನಾನು ಚಿಕ್ಕ ಗಂಟು ಇಟ್ಕೊಂಡಿದ್ದೆ.

ಈಗ ಡಿಎಸ್‌ಪಿ ಒಳಗೆ ಇಣುಕೋಣ. ಇದು ಸ್ವಲ್ಪ ಒಳಗಿನ ವಿಷಯ, ಆದ್ರೆ ಇಲ್ಲೇ ರುಚಿ ಇರೋದು.

ಸಿಂಥಸೈಜರ್ ಒಳಗೆ ನಡೆಯೋ ಕೆಲಸ ಬಹುತೇಕ ಒಂದೇ ಥರದ್ದು. ಒಂದು ಅಲೆ ಹುಟ್ಟಿಸು. ಫಿಲ್ಟರ್‌ನಲ್ಲಿ ಸೋಸು. ಏರು, ಇಳಿಸು. ಫಿಲ್ಟರ್ ಅಂದ್ರೂ ಮಂತ್ರವಲ್ಲ. ಈಗಿನ ಸ್ಯಾಂಪಲನ್ನ ಒಂದು ಸಂಖ್ಯೆಯಿಂದ ಗುಣಿಸು, ಹಿಂದಿನದನ್ನ ಇನ್ನೊಂದರಿಂದ ಗುಣಿಸು, ಕೂಡು. ಗುಣಿಸು, ಕೂಡು, ಗುಣಿಸು, ಕೂಡು. ಡಿಎಸ್‌ಪಿ ಚಿಪ್‌ನಲ್ಲಿ ಈ ಗುಣಿಸಿ ಕೂಡೋದು ಎರಡೂ ಸೇರಿ ಒಂದೇ ಆದೇಶ. ಮೊಟೊರೋಲಾ ಕಂಪನಿಯ 56000 ಅನ್ನೋ ಸರಣಿ ಇದರಲ್ಲಿ ಪ್ರಸಿದ್ಧ. ಸದ್ದಿನ ಸಂಖ್ಯೆಗಳಿಗೆ 24 ಬಿಟ್, ಕೂಡಿಟ್ಟುಕೊಳ್ಳೋ ಜಾಗಕ್ಕೆ 56 ಬಿಟ್. ಎರಡು 24 ಬಿಟ್ ಸಂಖ್ಯೆ ಗುಣಿಸಿದ್ರೆ 48 ಆಗುತ್ತೆ. ಮತ್ತೆ ಮತ್ತೆ ಕೂಡುವಾಗ ಉಕ್ಕಿ ಚೆಲ್ಲದ ಹಾಗೆ ಮೇಲೆ ಇನ್ನೂ 8 ಬಿಟ್ ಜಾಗ. ಅಷ್ಟೇ ಅಲ್ಲ, ಒಂದು ಲೆಕ್ಕ ನಡೀತಿರುವಾಗಲೇ ಮುಂದಿನ ಎರಡು ಸಂಖ್ಯೆಗಳನ್ನ ಎರಡು ಬೇರೆ ಬೇರೆ ಮೆಮೊರಿಯಿಂದ ಎತ್ತಿ ತಂದಿರುತ್ತೆ. ಭಟ್ಟರ ಬಲಗೈ ದೋಸೆ ಮಗುಚುವಾಗ ಎಡಗೈ ಹಿಟ್ಟಿನ ಸೌಟಿನ ಮೇಲೆ ಇರುತ್ತಲ್ಲ, ಹಾಗೆ.

ವೇಗ? 100 ಮೆಗಾಹರ್ಟ್ಸ್ ಚಿಪ್ ಅಂದ್ಕೊಳ್ಳಿ. ಒಂದು ಸ್ಯಾಂಪಲ್‌ಗೆ ಸಿಗೋದು ಬರೀ 2,267 ಟಿಕ್. ನನ್ನ ಲ್ಯಾಪ್‌ಟಾಪಿಗೆ ಸಿಗ್ತಿದ್ದರ ಇಪ್ಪತ್ತನೇ ಒಂದು ಭಾಗ. ಆದ್ರೆ ಆ 2,267 ಪೂರ್ತಿ ನಿಮ್ಮದೇ. ಯಾರೂ ನಡುವೆ ಬಾಯಿ ಹಾಕಲ್ಲ. ಒಂದು ಸ್ವರಕ್ಕೆ 200 ಆದೇಶ ಖರ್ಚಾಗುತ್ತೆ ಅಂದ್ರೆ, ಈ ಚಿಪ್ ಮೇಲೆ 11 ಸ್ವರ ಒಟ್ಟಿಗೆ ನುಡೀತವೆ. ಹನ್ನೆರಡನೇದು ಒತ್ತಿದ್ರೆ? ಪಟಪಟ ಅನ್ನಲ್ಲ. ಎಲ್ಲಕ್ಕಿಂತ ಹಳೇ ಸ್ವರವನ್ನ ಸದ್ದಿಲ್ಲದೆ ಬಿಟ್ಟು ಹೊಸದಕ್ಕೆ ಜಾಗ ಕೊಡುತ್ತೆ. ಕೇಳೋರಿಗೆ ಗೊತ್ತೇ ಆಗಲ್ಲ. ವಾದ್ಯ ತಯಾರಿಸೋರು ಈ ಲೆಕ್ಕ ಮೊದಲೇ ಹಾಕಿ, ಇಷ್ಟೇ ಸ್ವರ ಅಂತ ಡಬ್ಬದ ಮೇಲೆ ಬರೆದುಬಿಡಬಹುದು. ಲ್ಯಾಪ್‌ಟಾಪ್ ಬಗ್ಗೆ ಅಂಥ ಮಾತು ಯಾರು ಕೊಡ್ತಾರೆ?

ಈ ಚಿಪ್ ಜನರ ಕಣ್ಣಿಗೆ ಬಿದ್ದ ಒಂದು ದೊಡ್ಡ ದಿನ 1988ರಲ್ಲಿ. ಆ್ಯಪಲ್ ಬಿಟ್ಟು ಹೊರಬಂದಿದ್ದ ಸ್ಟೀವ್ ಜಾಬ್ಸ್ ಸ್ಯಾನ್‌ ಫ್ರಾನ್ಸಿಸ್ಕೊದ ಸಂಗೀತ ಸಭಾಂಗಣದಲ್ಲಿ ತಮ್ಮ ಹೊಸ ನೆಕ್ಸ್ಟ್ ಕಂಪ್ಯೂಟರ್ ತೋರಿಸಿದ್ರು. ಕೊನೆಗೆ ಪಿಟೀಲು ವಾದಕರೊಬ್ಬರು ವೇದಿಕೆಗೆ ಬಂದು ಆ ಕಂಪ್ಯೂಟರ್ ಜೊತೆ ಬಾಖ್ ಸಂಗೀತ ನುಡಿಸಿದ್ರು. ಆ ಕರಿ ಪೆಟ್ಟಿಗೆಯೊಳಗೆ ಮುಖ್ಯ ಪ್ರೊಸೆಸರ್ ಪಕ್ಕದಲ್ಲೇ ಮೊಟೊರೋಲಾ 56001 ಕೂತಿತ್ತು. ಕಂಪ್ಯೂಟರ್ ಸಂಗೀತಕ್ಕೆ ಬೇರೆ ಚಿಪ್ ಬೇಕು ಅನ್ನೋದು ಆಗ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಅಲ್ಲಿಂದ ಕತೆ ಯುರೋಪಿಗೆ ಹೋಗುತ್ತೆ. 1995ರಲ್ಲಿ ಸ್ವೀಡನ್ನಿನ ಕ್ಲಾವಿಯಾ ಕಂಪನಿ ನಾರ್ಡ್ ಲೀಡ್ ಅನ್ನೋ ಕೆಂಪು ಕೀಬೋರ್ಡ್ ತಂತು. ಹೊರಗೆ ಹಳೇ ಕಾಲದ ಅನಲಾಗ್ ಸಿಂಥ್ ಥರ ಸಾಲು ಸಾಲು ತಿರುಗುಬಟನ್. ಒಳಗೆ ಅನಲಾಗ್ ಅಲೆ ಹುಟ್ಟಿಸೋ ಸರ್ಕ್ಯೂಟ್ ಇಲ್ಲ, ಡಿಎಸ್‌ಪಿ ಮೇಲೆ ಓಡೋ ಪ್ರೋಗ್ರಾಂ. 'ವರ್ಚುವಲ್ ಅನಲಾಗ್' ಅನ್ನೋ ಮಾತು ಚಾಲ್ತಿಗೆ ಬಂದಿದ್ದು ಇಂಥ ವಾದ್ಯಗಳಿಂದ. ಎರಡು ವರ್ಷಕ್ಕೆ, 1997ರಲ್ಲಿ, ಜರ್ಮನಿಯ ಆ್ಯಕ್ಸೆಸ್ ಕಂಪನಿಯಿಂದ ವೈರಸ್ ಬಂತು. ಹೆಸರು ಕೇಳಿ ಹೆದರಬೇಡಿ, ಅದೂ ಸಿಂಥೇ. ಒಳಗೆ ಅದೇ ಮೊಟೊರೋಲಾ ಮನೆತನದ ಚಿಪ್, ಮೊದಲ ಮಾದರಿಯಲ್ಲೇ 12 ಸ್ವರ. ಟ್ರಾನ್ಸ್ ಸಂಗೀತದ ಅಷ್ಟೊಂದು ಹಾಡುಗಳಲ್ಲಿ ಇದರ ಸದ್ದಿದೆ ಅಂದ್ರೆ, ನೀವು ಹೆಸರು ಕೇಳಿಲ್ಲದಿದ್ರೂ ಸದ್ದನ್ನ ಖಂಡಿತ ಕೇಳಿದ್ದೀರಿ.

ನನಗೆ ಅವುಗಳಿಗಿಂತ ಮಜಾ ಅನ್ನಿಸೋದು ಕ್ಲಾವಿಯಾದ್ದೇ ಇನ್ನೊಂದು, ನಾರ್ಡ್ ಮಾಡ್ಯುಲರ್. ಕಂಪ್ಯೂಟರ್ ಪರದೆ ಮೇಲೆ ಮೌಸ್ ಹಿಡಿದು ನಿಮ್ಮದೇ ಸಿಂಥ್ ಕಟ್ಟೋದು. ಇಲ್ಲೊಂದು ಅಲೆ, ಅಲ್ಲೊಂದು ಫಿಲ್ಟರ್, ನಡುವೆ ಬಣ್ಣ ಬಣ್ಣದ ವೈರು. ಕಟ್ಟಿದ್ದನ್ನ ಪೆಟ್ಟಿಗೆಗೆ ಕಳಿಸಿ ಕೇಬಲ್ ಕಿತ್ತುಬಿಡಿ. ಕಂಪ್ಯೂಟರ್ ಮನೇಲಿರಲಿ, ವಾದ್ಯ ವೇದಿಕೆಗೆ ಹೋಗುತ್ತೆ. ಸಾಫ್ಟ್‌ವೇರಿನ ಸ್ವಾತಂತ್ರ್ಯ, ಪೆಟ್ಟಿಗೆಯ ಭರವಸೆ. 2014ರಲ್ಲಿ ಜಪಾನಿನ ರೋಲ್ಯಾಂಡ್ ತನ್ನ ಸಿಸ್ಟಮ್-1 ವಾದ್ಯದಲ್ಲಿ 'ಪ್ಲಗ್-ಔಟ್' ಅಂತ ಇದೇ ಬಗೆಯ ಉಪಾಯ ತಂತು. ಕಂಪ್ಯೂಟರಲ್ಲಿ ಪ್ಲಗಿನ್, ಹೊರಗೆ ಒಯ್ದ್ರೆ ವಾದ್ಯ.

ಇನ್ನು ಕಾರ್ಡುಗಳು. ಪೆಟ್ಟಿಗೆ ಬೇಡ, ಚಿಪ್ಪುಗಳನ್ನ ಒಂದು ಕಾರ್ಡಿನ ಮೇಲೆ ಕೂರಿಸಿ ಕಂಪ್ಯೂಟರ್ ಒಳಗೇ ಸಿಕ್ಕಿಸಿಬಿಡೋಣ ಅನ್ನೋ ದಾರಿ. ಜರ್ಮನಿಯ ಕ್ರೀಮ್‌ವೇರ್ ಕಂಪನಿಯ ಪಲ್ಸರ್, ಸ್ಕೋಪ್ ಕಾರ್ಡ್‌ಗಳಲ್ಲಿ ಅನಲಾಗ್ ಡಿವೈಸಸ್‌ನವರ ಶಾರ್ಕ್ ಡಿಎಸ್‌ಪಿ ಇರ್ತಿತ್ತು, ದೊಡ್ಡ ಕಾರ್ಡಿನಲ್ಲಿ ಹತ್ತಕ್ಕಿಂತ ಹೆಚ್ಚು. ಅದರ ಮೇಲೆ ಮಿನಿಮ್ಯಾಕ್ಸ್ ಅಂತ ಒಂದು ಸಾಫ್ಟ್‌ವೇರ್ ಸಿಂಥ್, ಹಳೇ ಮಿನಿಮೂಗ್‌ನ ತದ್ರೂಪು. ಪ್ರೊಡಿಸ್ಸಿ ಅಂತ ಇನ್ನೊಂದು, ಎಆರ್‌ಪಿ ಒಡಿಸ್ಸಿಯದ್ದು. ಡೆನ್ಮಾರ್ಕಿನ ಟಿಸಿ ಕಂಪನಿಯ ಪವರ್‌ಕೋರ್ ಕಾರ್ಡ್ 2001ರ ಸುಮಾರಿಗೆ ಬಂತು, ಅದರಲ್ಲಿ ನಾಲ್ಕು ಮೊಟೊರೋಲಾ ಚಿಪ್. ಚಿಪ್ಪಿನ ಮನೆತನ ಒಂದೇ ಆಗಿದ್ರಿಂದ ವೈರಸ್ ಸಿಂಥ್ ಪೆಟ್ಟಿಗೆಯಿಂದ ಇಳಿದು ಈ ಕಾರ್ಡ್ ಮೇಲೂ ಬಂದು ಕೂತಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ಇದನ್ನ ಸುಮಾರು ಜನ ತಪ್ಪಾಗಿ ಹೇಳ್ತಾರೆ. ಡಿಎಸ್‌ಪಿ ಕಾರ್ಡ್ ಇದ್ದ ಮಾತ್ರಕ್ಕೆ ತಡ ಹೋಗಲ್ಲ. ಕ್ರೀಮ್‌ವೇರ್ ಕಾರ್ಡಿಗೆ ಆಡಿಯೊ ಒಳಗೆ ಹೊರಗೆ ಹೋಗೋ ದಾರಿ ಅದರಲ್ಲೇ ಇತ್ತು. ಸದ್ದು ಕಾರ್ಡಲ್ಲೇ ಹುಟ್ಟಿ ಕಾರ್ಡಿಂದಲೇ ಹೊರಗೆ ಹೋಗ್ತಿತ್ತು. ಪವರ್‌ಕೋರ್‌ನಲ್ಲಿ ಹಾಗಲ್ಲ. ಕಂಪ್ಯೂಟರ್ ಗಂಟು ಕಟ್ಟಿ ಕಾರ್ಡಿಗೆ ಕಳಿಸಬೇಕು, ಕಾರ್ಡ್ ಲೆಕ್ಕ ಮಾಡಿ ವಾಪಸ್ ಕಳಿಸಬೇಕು, ಆಮೇಲೆ ಅದು ಹೊರಗೆ. ತಡ ಕಡಿಮೆ ಆಗೋ ಬದಲು ಜಾಸ್ತಿ ಆಗ್ತಿತ್ತು. ಅದರ ಲಾಭ ಬೇರೆ: ಸಿಪಿಯು ಮೇಲಿನ ಹೊರೆ ಇಳೀತಿತ್ತು. ಇವೆರಡೂ ಬೇರೆ ಬೇರೆ. ಅಂಗಡಿಯವರು ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಮಾರ್ತಿದ್ರು.

ಅಂಗಡಿಯವರು ಹೇಳದೇ ಇದ್ದ ಇನ್ನೊಂದು ಕಾರಣವೂ ಇತ್ತು. ಸಾಫ್ಟ್‌ವೇರ್ ಕದಿಯೋದು ಸುಲಭ, ಕಾರ್ಡನ್ನ ಪೆನ್‌ಡ್ರೈವಿನಲ್ಲಿ ನಕಲು ಮಾಡೋಕಾಗಲ್ಲ. ಆ ಚಿಪ್ಪುಗಳು ಲೆಕ್ಕ ಮಾಡ್ತಿದ್ವು ನಿಜ, ಜೊತೆಗೆ ಬೀಗವೂ ಆಗಿದ್ವು.

ಆ ಬೀಗ ನನ್ನ ಮೇಲೇ ಬಿತ್ತು. ಪೆಂಡಾಲ್ ಅವಮಾನ ಆದಮೇಲೆ ಹಟಕ್ಕೆ ಬಿದ್ದು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಡಿಎಸ್‌ಪಿ ಕಾರ್ಡ್ ತಗೊಂಡೆ. ಯಾವ ಕಂಪನಿದು ಅಂತ ಬೇಡ. ವೇದಿಕೆಗೆ ಹೊರೋಕಾಗಲ್ಲ, ಆದ್ರೆ ಮನೇಲಿ ಸ್ವಂತ ಹಾಡು ಮಾಡೋಕೆ ಸ್ವರ್ಗ. ಮೂರು ವರ್ಷದಲ್ಲಿ ಹನ್ನೊಂದು ಹಾಡು ಮಾಡಿದೆ. ಎಲ್ಲ ಸದ್ದೂ ಆ ಕಾರ್ಡಿಂದಲೇ. ಒಂದು ದಿನ ಕಂಪ್ಯೂಟರ್ ಸತ್ತುಹೋಯ್ತು. ಹೊಸದು ತಂದೆ. ಕಾರ್ಡ್ ಸಿಕ್ಕಿಸೋ ಹಳೇ ಪಿಸಿಐ ಸ್ಲಾಟ್ ಹೊಸ ಮದರ್‌ಬೋರ್ಡಿನಲ್ಲಿ ಇಲ್ಲವೇ ಇಲ್ಲ. ಇದ್ದಿದ್ರೂ ಹೊಸ ವಿಂಡೋಸ್‌ಗೆ ಡ್ರೈವರ್ ಇರಲಿಲ್ಲ. ಹಾಡಿನ ಫೈಲ್ ತೆರೆದ್ರೆ ಸ್ವರಗಳೆಲ್ಲ ಪರದೆ ಮೇಲೆ ಸಾಲಾಗಿ ಕಾಣ್ತವೆ. ಪ್ಲೇ ಒತ್ತಿದ್ರೆ ಮೌನ. ಒಂದು ಹಾಡು ಅಜ್ಜಿಗೆ ಅಂತ ಮಾಡಿದ್ದು. ಅದಕ್ಕೆ ಎದೆ ತುಂಬುವಂಥ ಒಂದು ಸದ್ದನ್ನ ನಾನೇ ಎರಡು ವಾರ ಕೂತು ಕೆತ್ತಿದ್ದೆ. ಆ ಸದ್ದಿನ ಲೆಕ್ಕವೆಲ್ಲ ಆ ಕಾರ್ಡಿನ ಭಾಷೆಯಲ್ಲಿತ್ತು, ಆ ಭಾಷೆ ಆಡೋರು ಮನೇಲಿ ಯಾರೂ ಉಳಿದಿರಲಿಲ್ಲ.

ನನ್ನೊಬ್ಬನ ಕತೆ ಅಲ್ಲ ಇದು. ಪವರ್‌ಕೋರ್ 2010ರ ದಶಕದ ಆರಂಭದಲ್ಲಿ ನಿಂತಿತು. ಕ್ರೀಮ್‌ವೇರ್ ಮುಳುಗಿ, ಅದರ ಸ್ಕೋಪ್ ವ್ಯವಸ್ಥೆಯನ್ನ ಸಾನಿಕ್ ಕೋರ್ ಅನ್ನೋ ಇನ್ನೊಂದು ಜರ್ಮನ್ ಕಂಪನಿ ಮುಂದುವರಿಸ್ತು. ಮೊಟೊರೋಲಾದ ಚಿಪ್ ವಿಭಾಗ ಮೊದಲು ಫ್ರೀಸ್ಕೇಲ್ ಆಯ್ತು, ಆಮೇಲೆ ಎನ್‌ಎಕ್ಸ್‌ಪಿ ಒಳಗೆ ಸೇರ್ತು. ಅಷ್ಟರಲ್ಲಿ ಸಿಪಿಯುಗಳಿಗೆ ನಾಲ್ಕು, ಎಂಟು ಕೋರ್ ಬಂದಿದ್ವು. ದರ್ಶಿನಿಗೆ ಒಬ್ಬರ ಬದಲು ಎಂಟು ಮಾಲೀಕರು ಬಂದಂಗೆ. ಒಬ್ಬರು ಫೋನ್ ಎತ್ತಿದ್ರೆ ಇನ್ನೊಬ್ಬರು ಕಾವಲಿ ನೋಡ್ಕೋತಾರೆ. ಡಿಎಸ್‌ಪಿ ಮೇಲೆಯೇ ಬೆಳೆದ ಅಮೆರಿಕದ ಯುನಿವರ್ಸಲ್ ಆಡಿಯೊ ಕೂಡ 2022ರಲ್ಲಿ ಸ್ಪಾರ್ಕ್ ಅಂತ ಯೋಜನೆ ತಂದು, ತನ್ನ ಚಿಪ್ ಇಲ್ಲದೆಯೇ ಓಡೋ ಪ್ಲಗಿನ್‌ಗಳನ್ನ ಬಿಡುಗಡೆ ಮಾಡ್ತು.

ಈಗ ಬರೋದು ನನಗೆ ತುಂಬಾ ಇಷ್ಟವಾದ ತಿರುವು. 'ದಿ ಯೂಶುವಲ್ ಸಸ್ಪೆಕ್ಟ್ಸ್' ಅಂತ ಹೆಸರಿಟ್ಟುಕೊಂಡ ಹವ್ಯಾಸಿಗಳ ಒಂದು ತಂಡ ಬೇರೆ ಥರ ಯೋಚನೆ ಮಾಡ್ತು. ವೈರಸ್ ಸಿಂಥ್ ಸದ್ದನ್ನ ಕಿವಿಯಲ್ಲಿ ಕೇಳಿ ನಕಲು ಮಾಡೋದು ಬೇಡ. ಮೊಟೊರೋಲಾ ಚಿಪ್ಪನ್ನೇ ಸಾಫ್ಟ್‌ವೇರಾಗಿ ಕಟ್ಟಿಬಿಡೋಣ. ಆ ಚಿಪ್ ಒಂದೊಂದು ಆದೇಶಕ್ಕೂ ಹೇಗೆ ನಡ್ಕೊಳ್ಳುತ್ತೆ ಅನ್ನೋದು ಕಂಪನಿಯ ಕೈಪಿಡಿಗಳಲ್ಲೇ ಇದೆ. ಅವರ ಪ್ರೋಗ್ರಾಂ ಹಳೇ ಆದೇಶಗಳನ್ನ ಓಡ್ತಾ ಓಡ್ತಾನೇ ಇವತ್ತಿನ ಸಿಪಿಯು ಭಾಷೆಗೆ ಅನುವಾದ ಮಾಡುತ್ತೆ. ಅದರ ಮೇಲೆ ವೈರಸ್‌ನ ಮೂಲ ಪ್ರೋಗ್ರಾಂ ತಾನು ಹಳೇ ಪೆಟ್ಟಿಗೆಯಲ್ಲೇ ಇದ್ದೀನಿ ಅಂದ್ಕೊಂಡು ಓಡುತ್ತೆ. ಇದರ ಹೆಸರು ಒಸೈರಸ್. ಆಮೇಲೆ ನಾರ್ಡ್ ಲೀಡ್ 2ಎಕ್ಸ್, ವಾಲ್ಡೋರ್ಫ್ ಕಂಪನಿಯ ಮೈಕ್ರೊಕ್ಯೂ, ಇವೂ ಬಂದ್ವು. ಸಿಪಿಯು ಸಾಕಷ್ಟು ಬೆವರುತ್ತೆ, ಆದ್ರೂ ಕೆಲಸ ಆಗುತ್ತೆ.

ಒಂದು ತೊಡಕಿದೆ. ಆ ಮೂಲ ಪ್ರೋಗ್ರಾಂ ಫೈಲಿಗೆ ಹಕ್ಕುಸ್ವಾಮ್ಯ ಇದೆ. ತಂಡದವರು ಅದನ್ನ ಕೊಡಲ್ಲ, ನೀವೇ ತರಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ವಾದ್ಯ ಕೊಂಡವರು ಅದರ ಪ್ರೋಗ್ರಾಮನ್ನ ಬೇರೆ ಯಂತ್ರದಲ್ಲಿ ಓಡಿಸ್ಕೊಳ್ಳೋದು ನ್ಯಾಯ. ಸಿಕ್ಕಸಿಕ್ಕಲ್ಲಿ ಡೌನ್‌ಲೋಡ್ ಮಾಡೋದು ಬೇರೆ ಮಾತು.

ಹಾಗಾದ್ರೆ ನಿಮ್ಮ ಫೋನ್? ಅದರೊಳಗೂ ಡಿಎಸ್‌ಪಿ ಇದೆ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇದ್ರೆ ಅದರ ಹೆಸರು ಹೆಕ್ಸಗಾನ್. ಆಡಿಯೊ, ಧ್ವನಿ ಗುರುತಿಸೋದು, ಇಂಥ ಕೆಲಸಗಳನ್ನ ಬ್ಯಾಟರಿ ಉಳಿಸ್ಕೊಂಡು ಮಾಡೋದೇ ಅದರ ಕೆಲಸ. ಆದ್ರೆ ನಿಮ್ಮ ಪಿಯಾನೊ ಆ್ಯಪ್ ಸಾಮಾನ್ಯವಾಗಿ ಓಡೋದು ಸಿಪಿಯು ಮೇಲೇ. ಆ್ಯಂಡ್ರಾಯ್ಡ್ ಬಹಳ ಕಾಲ ಈ ತಡದ ವಿಷಯದಲ್ಲಿ ಹಿಂದಿತ್ತು. 2017ರ ಆ್ಯಂಡ್ರಾಯ್ಡ್ 8ರಲ್ಲಿ ಎಎಆಡಿಯೊ ಅನ್ನೋ ನೇರ ದಾರಿ ಬಂದಮೇಲೆ ಸುಧಾರಿಸ್ತು. ವೈರ್ ಇಯರ್‌ಫೋನ್ ಹಾಕಿ, ಏರೋಪ್ಲೇನ್ ಮೋಡ್ ಒತ್ತಿ ನುಡಿಸಿದ್ರೆ ಸುಮಾರಾಗಿ ತೃಪ್ತಿ ಆಗುತ್ತೆ. ಏರೋಪ್ಲೇನ್ ಮೋಡ್ ಯಾಕೆ ಅಂತೀರಾ? ಕಚೇರಿಯಲ್ಲಿ ತಂಬೂರಿ ಆ್ಯಪ್ ಹಾಕ್ಕೊಂಡು ಕೂತವರಿಗೆ ನಡು ಆಲಾಪನೆಯಲ್ಲಿ ಕಾಲ್ ಬಂದ್ರೆ ಗೊತ್ತಾಗುತ್ತೆ. ಬೆಂಗಳೂರಿನ ರಾಡೆಲ್‌ನಂಥ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಯನ್ನ ಈಗಲೂ ಜೊತೆಗೆ ಒಯ್ಯೋ ಗಾಯಕರಿದ್ದಾರೆ. ಆ ಪೆಟ್ಟಿಗೆಗೆ ಯಾರೂ ಫೋನ್ ಮಾಡಲ್ಲ.

ಕಳೆದ ಸಂಚಿಕೆ ಕೇಳಿದ ಒಬ್ಬರು ಕೇಳಿದ್ರು: ಈಗ ದುಡ್ಡು ಕೂಡಿಟ್ಟಿದ್ದೀನಿ, ಡಿಎಸ್‌ಪಿ ಪೆಟ್ಟಿಗೆ ತಗೊಳ್ಳಲಾ, ಒಳ್ಳೇ ಲ್ಯಾಪ್‌ಟಾಪ್ ತಗೊಳ್ಳಲಾ? ಮನೇಲಿ ಕೂತು ಹಾಡು ಮಾಡ್ತೀರಿ ಅಂದ್ರೆ ಲ್ಯಾಪ್‌ಟಾಪ್, ಎರಡು ಮಾತಿಲ್ಲ. ವೇದಿಕೆ ಮೇಲೆ ನುಡಿಸ್ತೀರಿ, ಕರೆಂಟ್ ಹೋಗಿ ಬರೋ ಊರುಗಳಿಗೆ ಹೋಗ್ತೀರಿ ಅಂದ್ರೆ ಪೆಟ್ಟಿಗೆ. ಜನರೇಟರ್ ಶುರುವಾದ ಹತ್ತೇ ಸೆಕೆಂಡಿಗೆ ಅದು ಎದ್ದು ನಿಲ್ಲುತ್ತೆ, ಅಪ್‌ಡೇಟ್ ಆಗ್ತಿದೆ ದಯವಿಟ್ಟು ಕಾಯಿರಿ ಅನ್ನಲ್ಲ. ಹಳೇ ಕಾರ್ಡುಗಳ ಗೋಜಿಗೆ ಮಾತ್ರ ಹೋಗಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ. ಯಾವುದರಲ್ಲೇ ಮಾಡಿ, ಹಾಡು ಮುಗಿದ ದಿನವೇ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಆಡಿಯೊ ಫೈಲಾಗಿ ತೆಗೆದಿಟ್ಕೊಳ್ಳಿ. ಬರೀ ಪ್ರಾಜೆಕ್ಟ್ ಫೈಲ್ ನಂಬ್ಕೊಂಡು ಕೂರಬೇಡಿ.

ನಾನು ಅದನ್ನ ಮಾಡಿರಲಿಲ್ಲ. ಹನ್ನೊಂದರಲ್ಲಿ ಹತ್ತು ಹಾಡು ಈಗಲೂ ಪರದೆ ಮೇಲೆ ಕಾಣ್ತವೆ, ಕೇಳಲ್ಲ. ಅಜ್ಜಿಯ ಹಾಡು ಮಾತ್ರ ಸಿಕ್ತು, ಅದೂ ಪೂರ್ತಿ ಅಲ್ಲ. ಚಿಕ್ಕಮ್ಮ ಅದನ್ನ ರಿಂಗ್‌ಟೋನ್ ಮಾಡ್ಕೊಂಡಿದ್ರು. ಅವರ ಹಳೇ ಫೋನಿನ ಮೆಮೊರಿ ಕಾರ್ಡಿನಲ್ಲಿ ನಲವತ್ತು ಸೆಕೆಂಡ್ ಉಳಿದಿತ್ತು. ಗುಣಮಟ್ಟ ಅಷ್ಟಕ್ಕಷ್ಟೇ, ಕ್ಷಮಿಸಿ. ಮುಂದಿನ ವಾರ ಸಿಗೋಣ. ಈಗ ಅದನ್ನೇ ಹಾಕ್ತೀನಿ.

(ಸಿಂಥಸೈಜರ್ ಸಂಗೀತ, 40 ಸೆಕೆಂಡ್)